ಮಳೆಗಾಲದಲ್ಲೂ ಕಿತ್ತು ಬಾರದಂತೆ ವಾಲ್‌ಪೇಪರ್ ಬಾರ್ಡರ್ ಅಂಟಿಸುವುದು: ಕೊಡಗಿನ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಮಾರ್ಚ್‌ನಲ್ಲಿ ಚೆಂದವಾಗಿ ಅಂಟಿಸಿದ ಬಾರ್ಡರ್ (ಕೋಣೆಯ ಸುತ್ತ ಗೋಡೆಗೆ ಅಂಟಿಸುವ ಚಿತ್ತಾರದ ಕಿರಿದಾದ ಪಟ್ಟಿ) ಜುಲೈ ಹೊತ್ತಿಗೆ ಮೂಲೆಯಿಂದ ಸುರುಳಿ ಬಿಡತೊಡಗುತ್ತದೆ. ಬಹಳ ಮಂದಿ ಗೋಂದನ್ನು ಬೈದು, ಇನ್ನೂ ಗಟ್ಟಿ ಗೋಂದು ತಂದು ಅಂಟಿಸುತ್ತಾರೆ. ಮುಂದಿನ ಮಳೆಗೆ ಅದೂ ಬೀಳುತ್ತದೆ. ಬಿದ್ದ ತುಂಡನ್ನು ಒಮ್ಮೆ ತಿರುಗಿಸಿ ನೋಡಿ. ಹಿಂಬದಿಯಲ್ಲಿ ಸುಣ್ಣದ ಪುಡಿಯೋ ಬಣ್ಣದ ಪೊರೆಯೋ ಕಾಣಿಸಿದರೆ ಗೋಂದು ತನ್ನ ಕೆಲಸ ಮಾಡಿದೆ, ಕೈಕೊಟ್ಟದ್ದು ಗೋಡೆ. ಆದ್ದರಿಂದ ಈ ಬರಹದ ಅರ್ಧಕ್ಕೂ ಹೆಚ್ಚು ಭಾಗ ಬಾರ್ಡರ್ ಕೈಗೆತ್ತಿಕೊಳ್ಳುವ ಮೊದಲಿನ ಕೆಲಸಗಳ ಬಗ್ಗೆ ಇದೆ. ಆ ಭಾಗ ಹಾರಿಸಿ ನೇರ ಅಂಟಿಸುವ ಹಂತಕ್ಕೆ ಹೋಗಬೇಡಿ.

## ಹಂತ 1: ದಿನ ಗೊತ್ತುಮಾಡುವುದು

ಮಡಿಕೇರಿ, ಭಾಗಮಂಡಲ, ವಿರಾಜಪೇಟೆ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಮಳೆ ನಿಂತ ಕೂಡಲೇ ಅಕ್ಟೋಬರ್‌ನಲ್ಲಿ ಶುರುಮಾಡುವುದೂ ಅವಸರವೇ, ಗೋಡೆ ಕುಡಿದ ನೀರು ಹೊರಬರಲು ವಾರಗಟ್ಟಲೆ ಬಿಸಿಲು ಬೇಕು. ಜನವರಿ ಕೊನೆಯಿಂದ ಮಾರ್ಚ್‌ವರೆಗಿನ ಕಾಲ ಒಳ್ಳೆಯದು. ಕಾಫಿಗೆ ಹೂಮಳೆ ಬಿದ್ದ ಮೇಲೆ ಮಾಡುವುದಾದರೆ ಎರಡು ಮೂರು ದಿನ ಬಿಸಿಲು ಬರುವವರೆಗೆ ಕಾಯಿರಿ. ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿ ಸ್ವಲ್ಪ ಬೇಗ ಶುರುಮಾಡಬಹುದು.

ನವೆಂಬರ್-ಡಿಸೆಂಬರ್‌ನ ಸುಗ್ಗಿ ಹಬ್ಬ ಹುತ್ತರಿಗೆ ಮುಂಚೆ ಮನೆಗೆ ಬಣ್ಣ ಬಳಿಸಿ, ಅದೇ ವಾರ ಬಾರ್ಡರನ್ನೂ ಅಂಟಿಸಿಬಿಡುವವರು ಹೆಚ್ಚು. ಹೊಸ ಬಣ್ಣ ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗೆ ಗಟ್ಟಿಯಾಗಿರುವುದಿಲ್ಲ. ಗೋಂದಿನ ನೀರಿಗೆ ಅದು ಮತ್ತೆ ಮೆತ್ತಗಾಗಿ ಬಾರ್ಡರ್ ಜೊತೆಗೇ ಎದ್ದು ಬರುತ್ತದೆ. ಬಣ್ಣ ಬಳಿದ ಮೇಲೆ ಕನಿಷ್ಠ 4 ವಾರ, ಮಂಜು ಹೆಚ್ಚಿರುವ ಕಡೆ 6 ವಾರ ಬಿಡಿ. ಹುತ್ತರಿಗೆ ಬಣ್ಣ, ಫೆಬ್ರವರಿಯಲ್ಲಿ ಬಾರ್ಡರ್ ಎಂದು ಇಟ್ಟುಕೊಂಡರೆ ಸರಿಹೋಗುತ್ತದೆ. ಹೊಸ ಸಿಮೆಂಟ್ ಗಾರೆಯಾದರೆ 28 ದಿನದ ಕ್ಯೂರಿಂಗ್ ಮುಗಿದರೆ ಸಾಲದು, ಅದು ಒಂದು ಬೇಸಿಗೆ ಕಾಣಲಿ.

ದಿನದಲ್ಲಿ ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರ ಒಳಗೆ ಕೆಲಸ ಮುಗಿಸಿ. ಗೋಡೆ ತಣ್ಣಗಿದ್ದರೆ, ಅಂದರೆ 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಗೋಂದು ಸರಿಯಾಗಿ ಹಿಡಿಯುವುದಿಲ್ಲ. ಸಂಜೆ ಮಂಜು ಇಳಿದ ಮೇಲೆ ಕಿಟಕಿ ತೆರೆದಿಟ್ಟು ಅಂಟಿಸಿದರೂ ಅದೇ ಪಾಡು.

## ಹಂತ 2: ಗೋಡೆಯ ಪರೀಕ್ಷೆ

ನಾಲ್ಕು ಪರೀಕ್ಷೆಗಳಿವೆ. ನಾಲ್ಕನ್ನೂ ಬಾರ್ಡರ್ ಕೊಳ್ಳುವ ಮೊದಲೇ ಮಾಡಿ.

ಬಟ್ಟೆ ಪರೀಕ್ಷೆ. ಒಣಗಿದ ಕಪ್ಪು ಬಟ್ಟೆಯಿಂದ ಗೋಡೆಯನ್ನು ಒತ್ತಿ ಉಜ್ಜಿ. ಬಟ್ಟೆಗೆ ಬಿಳಿ ಪುಡಿ ಹತ್ತಿದರೆ ಅದು ಸುಣ್ಣ ಅಥವಾ ಹಳೆಯ ಡಿಸ್ಟೆಂಪರ್. ಇದರ ಮೇಲೆ ಯಾವ ಗೋಂದೂ ನಿಲ್ಲದು.

ಟೇಪ್ ಪರೀಕ್ಷೆ. ಅರ್ಧ ಅಡಿ ಸೆಲ್ಲೋಟೇಪನ್ನು ಗೋಡೆಗೆ ಬಿಗಿಯಾಗಿ ಒತ್ತಿ ಒಮ್ಮೆಲೇ ಕೀಳಿ. ಬಣ್ಣದ ಚಕ್ಕೆ ಟೇಪಿಗೆ ಬಂದರೆ ಆ ಬಣ್ಣ ಬಾರ್ಡರಿನ ಭಾರವನ್ನೂ ತಾಳದು. ಕೋಣೆಯ ಪ್ರತಿ ಗೋಡೆಯಲ್ಲಿ ಎರಡು ಮೂರು ಕಡೆ ನೋಡಿ.

ಪ್ಲಾಸ್ಟಿಕ್ ಪರೀಕ್ಷೆ. ಒಂದು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಮುಚ್ಚಿ 48 ಗಂಟೆ ಬಿಡಿ. ಹಾಳೆಯ ಒಳಬದಿಯಲ್ಲಿ ಹನಿಗಳಿದ್ದರೆ ನೀರು ಗೋಡೆಯ ಒಳಗಿನಿಂದ ಬರುತ್ತಿದೆ. ಹೊರಬದಿಯಲ್ಲಿ ಮಾತ್ರ ಇದ್ದರೆ ಕೋಣೆಯ ಗಾಳಿ ಒದ್ದೆ. ಎರಡನೆಯದಕ್ಕೆ ಗಾಳಿ ಬೆಳಕು ಸಾಕು. ಮೊದಲನೆಯದಾದರೆ ಚಾವಣಿಯ ಹೆಂಚು, ಮಳೆನೀರಿನ ದೋಣಿ, ಹೊರಗೋಡೆಯ ಬಿರುಕು ಇವನ್ನು ಸರಿಪಡಿಸುವವರೆಗೆ ಬಾರ್ಡರಿನ ಯೋಚನೆ ಬಿಡಿ. ನೈಋತ್ಯ ಮಾರುತದ ಇರಚಲು ಹೊಡೆಯುವ ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳಲ್ಲಿ ಈ ಪರೀಕ್ಷೆಯನ್ನು ತಪ್ಪಿಸಲೇಬಾರದು.

ಕಣ್ಣಿನ ಪರೀಕ್ಷೆ. ಬೂಷ್ಟಿನ ಕಪ್ಪು ಚುಕ್ಕೆ, ಹತ್ತಿಯಂಥ ಬಿಳಿ ಉಪ್ಪು, ಕಂದು ನೀರಿನ ಕಲೆ, ಬಣ್ಣದ ಗುಳ್ಳೆ ಇವನ್ನು ಹುಡುಕಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ ತಿಂಗಳು ಬಿಟ್ಟು ನೋಡಿ. ಬಿರುಕು ಗುರುತು ದಾಟಿದ್ದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ. ಇಳಿಜಾರಿನಲ್ಲಿ ಕಟ್ಟಿದ ಮನೆಯಲ್ಲಿ ಇದು ಬಾರ್ಡರಿಗಿಂತ ದೊಡ್ಡ ವಿಷಯ, ಎಂಜಿನಿಯರ್ ಒಬ್ಬರಿಗೆ ತೋರಿಸಿ.

## ಹಂತ 3: ಎತ್ತರ ಆರಿಸುವುದು

ಗೋಡೆಯ ಮಧ್ಯದಲ್ಲಿ, ನೆಲದಿಂದ 32ರಿಂದ 36 ಅಂಗುಲದ ಎತ್ತರದಲ್ಲಿ ಬಾರ್ಡರ್ ಹಾಕಬೇಕೆಂದು ಚಿತ್ರಗಳಲ್ಲಿ ನೋಡಿರುತ್ತೀರಿ. ಆದರೆ ಹಳೆಯ ಮನೆಗಳಲ್ಲಿ ಸಾಮಾನ್ಯವಾಗಿ ತಳಪಾಯದ ಮೇಲೆ ತೇವ ತಡೆಯುವ ಪದರ ಇರುವುದಿಲ್ಲ. ನೆಲದ ನೀರು ಗೋಡೆಯಲ್ಲಿ ಸಾಮಾನ್ಯವಾಗಿ ಸುಮಾರು ಒಂದು ಮೀಟರ್ ವರೆಗೆ ಏರಿ ಅಲ್ಲಿ ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ನೀವು ಬಾರ್ಡರ್ ಅಂಟಿಸಲು ಆರಿಸಿದ ಜಾಗ ಸರಿಯಾಗಿ ಆ ಉಪ್ಪಿನ ಗೆರೆಯ ಮೇಲೆ ಬೀಳುತ್ತದೆ! ಅಂಥ ಮನೆಯಲ್ಲಿ ಬಾರ್ಡರನ್ನು ನಾಲ್ಕೂವರೆ ಅಡಿಗಿಂತ ಮೇಲೆ ಅಥವಾ ಚಾವಣಿಯ ಕೆಳಗೆ ಹಾಕಿ.

ಚಾವಣಿಯ ಕೆಳಗೆ ಇನ್ನೊಂದು ತೊಡಕು. ಮರದ ಮಚ್ಚಿನ ಮನೆಗಳಲ್ಲಿ ಚಾವಣಿಯ ಅಂಚು ಮಟ್ಟಸವಾಗಿ ಇರುವುದೇ ಅಪರೂಪ. ಒಂದು ಗೋಡೆಯ ಈ ತುದಿಯಿಂದ ಆ ತುದಿಗೆ ವ್ಯತ್ಯಾಸ ಕಾಲು ಅಂಗುಲದ ಒಳಗಿದ್ದರೆ ಚಾವಣಿಯ ಅಂಚನ್ನೇ ಹಿಡಿದು ಅಂಟಿಸಿ, ಕಣ್ಣಿಗೆ ಕಾಣದು. ಅದಕ್ಕಿಂತ ಹೆಚ್ಚಿದ್ದರೆ ಬಾರ್ಡರನ್ನು ಅಂಚಿನಿಂದ 4ರಿಂದ 6 ಅಂಗುಲ ಕೆಳಗಿಳಿಸಿ, ಮಟ್ಟದ ಗೆರೆಯ ಮೇಲೆ ಹಾಕಿ. ನಡುವಿನ ಗೋಡೆಯನ್ನು ಚಾವಣಿಯ ಬಣ್ಣದಲ್ಲೇ ಬಳಿದರೆ ಓರೆ ಮರೆಯಾಗುತ್ತದೆ.

ಮಣ್ಣಿನ ಗೋಡೆಗೆ ಸುಣ್ಣ ಬಳಿದ ಮನೆಗೆ ಬೇರೆಯದೇ ದಾರಿ. ಆ ಗೋಡೆ ತೇವವನ್ನು ಎಳೆದುಕೊಂಡು ಬಿಡುತ್ತಾ ಉಸಿರಾಡುತ್ತದೆ. ಮೇಲೆ ಎಣ್ಣೆ ಪ್ರೈಮರ್ ಬಳಿದು ಬಾಯಿ ಮುಚ್ಚಿದರೆ ಗಾರೆಯೇ ಎದ್ದು ಬರುತ್ತದೆ. ಇಲ್ಲಿ ಬಾರ್ಡರನ್ನು ಗೋಡೆಗೆ ಅಂಟಿಸಬೇಡಿ. 6 ಮಿ.ಮೀ. ದಪ್ಪದ, ನೀರು ತಾಳುವ ಪ್ಲೈವುಡ್ಡನ್ನು ಬಾರ್ಡರಿನ ಅಗಲಕ್ಕೆ ಸೀಳಿಸಿ, ಹಿಂದೆ ಮುಂದೆ ಅಂಚು ಎಲ್ಲಕ್ಕೂ ಪ್ರೈಮರ್ ಬಳಿದು, ಬಾರ್ಡರನ್ನು ಆ ಪಟ್ಟಿಗೆ ಅಂಟಿಸಿ, ಪಟ್ಟಿಯನ್ನು ಗೋಡೆಗೆ ಸ್ಕ್ರೂ ಮಾಡಿ. ಪ್ರತಿ ಸ್ಕ್ರೂವಿನ ಬಳಿ ಪಟ್ಟಿಗೂ ಗೋಡೆಗೂ ನಡುವೆ ಒಂದು ವಾಷರ್ ಇಟ್ಟರೆ ಗಾಳಿಯಾಡಲು ಸಂದು ಉಳಿಯುತ್ತದೆ. ಐನ್‌ಮನೆಯಂಥ ಹಳೆಯ ಮನೆಯ ಕೆತ್ತನೆ ಮರ, ಕಂಬಗಳ ಮೇಲೆ ಯಾವ ಗೋಂದನ್ನೂ ತಾಗಿಸಬೇಡಿ.

## ಹಂತ 4: ಬಾರ್ಡರ್, ಗೋಂದು, ಹತ್ಯಾರು

ಎಷ್ಟು ಸುರುಳಿ? ನಾಲ್ಕೂ ಗೋಡೆಯ ಉದ್ದ ಕೂಡಿಸಿ, ನೂರಕ್ಕೆ 10ರಷ್ಟು ಸೇರಿಸಿ. 12 ಅಡಿ ಅಗಲ, 14 ಅಡಿ ಉದ್ದದ ಕೋಣೆಯ ಸುತ್ತಳತೆ 52 ಅಡಿ, ಅಂದರೆ 15.85 ಮೀಟರ್. 10 ಶೇಕಡ ಸೇರಿದರೆ ಸುಮಾರು 17.5 ಮೀಟರ್. 5 ಮೀಟರಿನ ಸುರುಳಿಯಾದರೆ 4 ಬೇಕು. ಎಲ್ಲ ಸುರುಳಿಯ ಬ್ಯಾಚ್ ಸಂಖ್ಯೆ ಒಂದೇ ಇರಲಿ, ಬೇರೆ ಬ್ಯಾಚಿನ ಬಣ್ಣ ಗೋಡೆಯ ಮೇಲೆ ಎದ್ದು ಕಾಣುತ್ತದೆ. ಉಳಿದ ತುಂಡನ್ನು ಎಸೆಯಬೇಡಿ, ದುರಸ್ತಿಗೆ ಬೇಕು.

ಯಾವ ಬಗೆ? ನಮ್ಮ ಹವೆಗೆ ಮೇಲ್ಮೈಯಲ್ಲಿ ವಿನೈಲ್ (ಪ್ಲಾಸ್ಟಿಕ್ ಪದರ) ಇರುವ, ಗೋಂದನ್ನು ನಾವೇ ಹಚ್ಚುವ ಬಗೆ ಒಳ್ಳೆಯದು. ಬರೀ ಕಾಗದದ್ದು ತೇವ ಎಳೆದು ಸುಕ್ಕಾಗುತ್ತದೆ. ನೀರಲ್ಲಿ ಅದ್ದಿ ಅಂಟಿಸುವ ಬಗೆಯಲ್ಲಿ ಗೋಂದಿನ ಪದರ ತೆಳು. ಕಾಗದ ಸುಲಿದು ನೇರ ಅಂಟಿಸುವ ಸ್ಟಿಕ್ಕರ್ ಬಗೆ ನುಣುಪಾದ, ಒಣಗಿದ ಎಮಲ್ಷನ್ ಗೋಡೆಗೆ ಪರವಾಗಿಲ್ಲ, ಸುಣ್ಣ ಮತ್ತು ಡಿಸ್ಟೆಂಪರ್ ಗೋಡೆಗೆ ಆಗದು.

ಗೋಂದು. ವಿನೈಲ್ ಮೇಲೆ ವಿನೈಲ್ ಹಿಡಿಯುವಂಥ ಬಾರ್ಡರ್ ಗೋಂದೇ ಬೇಕು. ಡಬ್ಬಿಯ ಮೇಲೆ ವಿನೈಲ್ ಓವರ್ ವಿನೈಲ್ ಅಥವಾ ಚುಟುಕಾಗಿ ವಿಓವಿ (VOV) ಎಂದಿರುತ್ತದೆ. ಪೇಂಟ್ ಅಂಗಡಿಯಲ್ಲಿ ಸಿಗದಿದ್ದರೆ ಮೈಸೂರಿನಿಂದ ತರಿಸಿ, ಕಾಯುವುದರಲ್ಲಿ ನಷ್ಟವಿಲ್ಲ. ಮೈದಾ ಕುದಿಸಿದ ಅಂಟು ಬೇಡ: ಅದು ಬೂಷ್ಟಿಗೂ ಜಿರಳೆಗೂ ಪುಸ್ತಕ ತಿನ್ನುವ ಬೆಳ್ಳಿಬಣ್ಣದ ಹುಳಕ್ಕೂ ಊಟ. ಮರಗೆಲಸದ ಬಿಳಿ ಗೋಂದಿಗೆ ನೀರು ಬೆರೆಸುವವರಿದ್ದಾರೆ. ಅದು ಬೇಗ ಕಚ್ಚಿಕೊಳ್ಳುವುದರಿಂದ ಬಾರ್ಡರನ್ನು ಗೋಡೆಯ ಮೇಲೆ ಸರಿಸಿ ಕೂರಿಸಲಾಗದು, ಹೊರಚೆಲ್ಲಿದ ಕಡೆ ಹೊಳೆಯುವ ಕಲೆ ಉಳಿಯುತ್ತದೆ.

ಕೈಯಲ್ಲಿ ಇರಬೇಕಾದವು: ರಸಮಟ್ಟ ಅಥವಾ ಮೇಸ್ತ್ರಿಗಳು ಮಟ್ಟ ನೋಡುವ ನೀರಿನ ಟ್ಯೂಬ್, ಟೇಪು, ಪೆನ್ಸಿಲ್, 2 ಅಂಗುಲದ ಬ್ರಷ್ ಅಥವಾ ಸಣ್ಣ ರೋಲರ್, ಅಗಲದ ಮೆತ್ತನೆಯ ಬ್ರಷ್ ಅಥವಾ ಪ್ಲಾಸ್ಟಿಕ್ ಪಟ್ಟಿ, ಜೋಡಣೆ ಒತ್ತುವ ಪುಟ್ಟ ರೋಲರ್, ಪುಟ್ಟಿ ಪಟ್ಟಿ, ಸ್ಟೀಲ್ ಸ್ಕೇಲ್, ಕಟರ್ ಮತ್ತು ಹತ್ತಾದರೂ ಹೊಸ ಬ್ಲೇಡ್, 2 ಸ್ಪಂಜು, 2 ಬಕೆಟ್, ಅಲುಗಾಡದ ಏಣಿ. ಮೊಂಡು ಬ್ಲೇಡ್ ಒದ್ದೆ ಬಾರ್ಡರನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಬ್ಲೇಡಿನಲ್ಲಿ ಜಿಪುಣತನ ಬೇಡ.

## ಹಂತ 5: ಗೋಡೆ ಸಿದ್ಧಮಾಡುವುದು

ಕೋಣೆ ಪೂರ್ತಿ ಮಾಡಬೇಕಿಲ್ಲ. ಬಾರ್ಡರ್ ಕೂರುವ ಪಟ್ಟಿ, ಅದರ ಮೇಲೆ ಕೆಳಗೆ ಒಂದೊಂದು ಅಂಗುಲ, ಇಷ್ಟು ಸಾಕು.

1. ಬೂಷ್ಟು ಇದ್ದರೆ ಮೊದಲು ಅದನ್ನು ತೆಗೆಯಿರಿ. ಒಂದು ಪಾಲು ದ್ರವ ಬ್ಲೀಚಿಗೆ ನಾಲ್ಕು ಪಾಲು ನೀರು ಬೆರೆಸಿ ಹಚ್ಚಿ, 15 ನಿಮಿಷ ಬಿಟ್ಟು ಒರೆಸಿ, ಬರೀ ನೀರಲ್ಲಿ ಎರಡು ಸಲ ತೊಳೆಯಿರಿ. ಕಿಟಕಿ ತೆರೆದಿರಲಿ, ಕೈಗವಸು ಹಾಕಿ. ಬ್ಲೀಚಿಗೆ ಟಾಯ್ಲೆಟ್ ತೊಳೆಯುವ ಆಸಿಡ್ಡನ್ನಾಗಲಿ ಅಮೋನಿಯಾ ಇರುವ ಕ್ಲೀನರನ್ನಾಗಲಿ ಎಂದಿಗೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.

2. ಉಪ್ಪಿದ್ದರೆ ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ನೀರು ಹಾಕಿದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೆ ಹೋಗುತ್ತದೆ.

3. ಸಿಮೆಂಟ್ ಗಾರೆಯ ಮೇಲಿನ ಸುಣ್ಣ ಅಥವಾ ಹಳೆಯ ಡಿಸ್ಟೆಂಪರನ್ನು ಪುಟ್ಟಿ ಪಟ್ಟಿಯಿಂದ ಕೆರೆದು, ಒದ್ದೆ ಸ್ಪಂಜಿನಿಂದ ಒರೆಸಿ. ಕಪ್ಪು ಬಟ್ಟೆಗೆ ಪುಡಿ ಹತ್ತದಷ್ಟು ಒರೆಸಬೇಕು. ಬೇಸರದ ಕೆಲಸ ಹೌದು, ಆದರೆ ಹೆಚ್ಚಿನ ಬಾರ್ಡರ್‌ಗಳ ಬದುಕು ನಿರ್ಧಾರವಾಗುವುದು ಈ ಅರ್ಧ ದಿನದಲ್ಲಿ.

4. ಹೊಳೆಯುವ ಎಣ್ಣೆ ಬಣ್ಣವಾದರೆ 120 ನಂಬರಿನ ಸ್ಯಾಂಡ್ ಪೇಪರ್‌ನಿಂದ ಹೊಳಪು ಹೋಗುವಂತೆ ತಿಕ್ಕಿ. ಸೌದೆ ಒಲೆಯ ಮನೆಯಲ್ಲಿ ಹೊಗೆಯ ಜಿಡ್ಡನ್ನು ಸೋಪಿನ ನೀರಲ್ಲಿ, ಆಮೇಲೆ ಬರೀ ನೀರಲ್ಲಿ ಒರೆಸಿ.

5. ತೂತು, ಬಿರುಕಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ತಿಕ್ಕಿ ದೂಳು ಒರೆಸಿ. ಪುಟ್ಟಿಯ ಮೇಲೆ ನೇರ ಗೋಂದು ಹಚ್ಚಿದರೆ ಅದು ನೀರನ್ನೆಲ್ಲ ಹೀರಿಕೊಂಡು ಗೋಂದು ಒಣಗಿ ನಿಲ್ಲುತ್ತದೆ, ಬಾರ್ಡರ್ ಆ ಜಾಗದಲ್ಲಿ ಮಾತ್ರ ಎದ್ದೇಳುತ್ತದೆ. ಪ್ರೈಮರ್ ಬೇಕಾಗುವುದು ಅದಕ್ಕೇ.

6. ಪಟ್ಟಿಯ ಉದ್ದಕ್ಕೂ ಅಕ್ರಿಲಿಕ್ ಪ್ರೈಮರ್ ಒಂದು ಕೈ ಬಳಿಯಿರಿ. ಹೊಸ ಸಿಮೆಂಟಾದರೆ ಕ್ಷಾರ ತಡೆಯುವ ಪ್ರೈಮರ್ ಎಂದು ಕೇಳಿ ತನ್ನಿ. 24 ಗಂಟೆ, ಮಂಜಿನ ದಿನವಾದರೆ 48 ಗಂಟೆ ಒಣಗಲಿ. ಒಣಗಿದ ಮೇಲೆ ಟೇಪ್ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಈ ಸಲವೂ ಚಕ್ಕೆ ಬಂದರೆ 3ನೆಯ ಕೆಲಸಕ್ಕೆ ಹಿಂದಿರುಗಬೇಕು.

## ಹಂತ 6: ಗೆರೆ ಹಾಕುವುದು

ಬಾರ್ಡರಿನ ಕೆಳಗಿನ ಅಂಚು ಬರುವ ಎತ್ತರವನ್ನು ಒಂದು ಮೂಲೆಯಲ್ಲಿ ಗುರುತಿಸಿ, ಟ್ಯೂಬಿನಿಂದ ಉಳಿದ ಮೂಲೆಗಳಿಗೆ ಒಯ್ಯಿರಿ. ಟ್ಯೂಬಿನೊಳಗೆ ಗಾಳಿಗುಳ್ಳೆ ಇರಬಾರದು. ಗುರುತುಗಳನ್ನು ಪೆನ್ಸಿಲಿನಿಂದ ತೆಳುವಾಗಿ ಕೂಡಿಸಿ. ಪೆನ್ನು, ಸ್ಕೆಚ್‌ಪೆನ್ನಿನ ಶಾಯಿ ಗೋಂದಿನ ನೀರಿಗೆ ಕರಗಿ ಮೇಲಕ್ಕೆ ಬರುತ್ತದೆ. ನೀಲಿ ಪುಡಿಯ ದಾರ ಹೊಡೆಯುವುದೂ ಬೇಡ, ಗೋಂದಿನ ಕೆಳಗೆ ಪುಡಿಯ ಗೆರೆ ಉಳಿಯುತ್ತದೆ.

ಶುರುಮಾಡುವ ಜಾಗ ಬಾಗಿಲ ಹಿಂದಿನ ಮೂಲೆ. ಸುತ್ತು ಮುಗಿಯುವಾಗ ಚಿತ್ತಾರ ಕೂಡುವುದಿಲ್ಲ, ಆ ತಪ್ಪು ಅಲ್ಲಿ ಅಡಗಿರಲಿ.

## ಹಂತ 7: ಗೋಂದು ಹಚ್ಚಿ ಮಡಿಸಿಡುವುದು

ಒಂದು ಗೋಡೆಯ ಉದ್ದಕ್ಕೆ 2 ಅಂಗುಲ ಹೆಚ್ಚು ಕತ್ತರಿಸಿ. ಸುರುಳಿಯನ್ನು ಒಮ್ಮೆ ಉಲ್ಟಾ ಸುತ್ತಿ ಬಿಟ್ಟರೆ ಮುದುಡುವುದು ಕಡಿಮೆಯಾಗುತ್ತದೆ. ಮೇಜಿನ ಮೇಲೆ ಮಗುಚಿ ಹಾಕಿ, ನಡುವಿನಿಂದ ಅಂಚಿಗೆ ಗೋಂದು ಹಚ್ಚಿ. ಪದರ ತೆಳುವಾಗಿ ಎಲ್ಲ ಕಡೆ ಒಂದೇ ಸಮ ಇರಬೇಕು. ಮಳೆಗಾಲದಲ್ಲಿ ಮೊದಲು ಏಳುವುದು ಅಂಚು, ಆದ್ದರಿಂದ ಎರಡೂ ಅಂಚನ್ನು ಬೆಳಕಿಗೆ ಓರೆಯಾಗಿ ಹಿಡಿದು ಒಣ ಜಾಗ ಉಳಿದಿಲ್ಲವೇ ನೋಡಿ.

ಆಮೇಲೆ ಗೋಂದಿನ ಮುಖಕ್ಕೆ ಗೋಂದಿನ ಮುಖ ತಾಗುವಂತೆ, ಒಂದೊಂದೂವರೆ ಅಡಿಯ ಮಡಿಕೆಗಳಾಗಿ ಹಾರ್ಮೋನಿಯಂ ತಿದಿಯಂತೆ ಮಡಿಸಿ. ಮಡಿಕೆಯನ್ನು ಒತ್ತಿ ಗೀರು ಮಾಡಬೇಡಿ. ಲೇಬಲ್ಲಿನಲ್ಲಿ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 5ರಿಂದ 10 ನಿಮಿಷ, ಹಾಗೇ ಬಿಡಿ. ಒದ್ದೆಯಾದ ಕಾಗದ ಹಿಗ್ಗುತ್ತದೆ. ಆ ಹಿಗ್ಗುವಿಕೆ ಮೇಜಿನ ಮೇಲೆಯೇ ಮುಗಿಯಬೇಕು. ಕಾಯದೆ ಅಂಟಿಸಿದರೆ ಗೋಡೆಯ ಮೇಲೆ ಹಿಗ್ಗಿ ಗುಳ್ಳೆ ಏಳುತ್ತದೆ. ಮೊದಲ ತುಂಡಿಗೆ ಎಷ್ಟು ನಿಮಿಷ ಕಾದಿರೋ ಉಳಿದವಕ್ಕೂ ಅಷ್ಟೇ.

ನೀರಲ್ಲಿ ಅದ್ದುವ ಬಗೆಯಾದರೆ ಚಿತ್ತಾರ ಒಳಗೆ ಬರುವಂತೆ ಸಡಿಲವಾಗಿ ಸುತ್ತಿ, ಉಗುರುಬೆಚ್ಚಗಿನ ನೀರಲ್ಲಿ ಲೇಬಲ್ಲಿನಷ್ಟು ಸೆಕೆಂಡು ಮಾತ್ರ ಮುಳುಗಿಸಿ. ಹೆಚ್ಚು ಹೊತ್ತು ನೆನೆದರೆ ಗೋಂದು ನೀರುಪಾಲು.

## ಹಂತ 8: ಗೋಡೆಗೆ ಏರಿಸುವುದು

ಇಬ್ಬರು ಬೇಕು. ಒಬ್ಬರು ಮಡಿಕೆ ಹಿಡಿದು ಒಂದೊಂದಾಗಿ ಬಿಡಿಸುತ್ತಾ ಬರಲಿ, ಇನ್ನೊಬ್ಬರು ಅಂಟಿಸಲಿ. ಒಬ್ಬರೇ ಮಾಡಿದರೆ ಭಾರಕ್ಕೆ ಬಾರ್ಡರ್ ಎಳೆದು ಉದ್ದವಾಗುತ್ತದೆ. ಒಣಗುವಾಗ ಅದು ಹಳೆಯ ಅಳತೆಗೆ ಕುಗ್ಗಿ ಜೋಡಣೆ ಬಾಯಿಬಿಡುತ್ತದೆ. ಸ್ವಿಚ್‌ಬೋರ್ಡಿನ ಬಳಿ ಹೋಗುವುದಿದ್ದರೆ ಮೇನ್ ಆಫ್ ಮಾಡಿ.

ಮೊದಲ ತುಂಡನ್ನು ಮೂಲೆಯಿಂದ ಕಾಲು ಅಂಗುಲ ಪಕ್ಕದ ಗೋಡೆಗೆ ದಾಟಿಸಿ ಶುರುಮಾಡಿ, ಕೆಳಗಿನ ಅಂಚನ್ನು ಗೆರೆಗೆ ಸರಿಯಾಗಿ ಕೂರಿಸುತ್ತಾ ಹೋಗಿ. ಒಮ್ಮೆಗೆ 3 ಅಡಿ ಸಾಕು. ಬ್ರಷ್‌ನಿಂದ ನಡುವಿನಿಂದ ಅಂಚಿಗೆ ಗಾಳಿ ಹೊರದೂಡಿ. ವಾರೆಯಾದರೆ ತುದಿ ಹಿಡಿದು ಎಳೆಯಬೇಡಿ. ಅಷ್ಟು ದೂರ ಬಿಡಿಸಿ ಮತ್ತೆ ಕೂರಿಸಿ, ಗೋಂದು ಒದ್ದೆಯಿರುವಾಗ ಅದು ಸರಿಯುತ್ತದೆ.

ಹೊರಬಂದ ಗೋಂದನ್ನು ಆಗಿಂದಾಗಲೇ ಹಿಂಡಿದ ಸ್ಪಂಜಿನಿಂದ ಒರೆಸಿ. ವಿಓವಿ ಗೋಂದು ಒಣಗಿದರೆ ಬಣ್ಣದ ಮೇಲಿಂದ ಹೋಗುವುದು ಕಷ್ಟ. ಒಂದು ಬಕೆಟ್ ನೀರು ಸ್ಪಂಜು ತೊಳೆಯಲು, ಇನ್ನೊಂದು ಕೊನೆಯ ಒರೆಸುವಿಕೆಗೆ.

## ಹಂತ 9: ಮೂಲೆ ಮತ್ತು ಜೋಡಣೆ

ಒಳಮೂಲೆಯಲ್ಲಿ ಬಾರ್ಡರನ್ನು ಒಂದೇ ತುಂಡಾಗಿ ತಿರುಗಿಸಬೇಡಿ. ಒಣಗಿ ಬಿಗಿಯಾದಾಗ ಅದು ಮೂಲೆ ಬಿಟ್ಟು ಕಮಾನಿನಂತೆ ಮುಂದೆ ಬರುತ್ತದೆ, ಹಿಂದೆ ಟೊಳ್ಳು. ಬೆರಳು ತಾಗಿದರೆ ಹರಿಯುತ್ತದೆ. ಮೂಲೆ ದಾಟಿ 3 ಮಿ.ಮೀ. ಮಾತ್ರ ಬಿಟ್ಟು ಕತ್ತರಿಸಿ. ಮುಂದಿನ ತುಂಡನ್ನು ಸರಿಯಾಗಿ ಮೂಲೆಯಿಂದ ಶುರುಮಾಡಿ, ಚಿತ್ತಾರ ಕೂಡಿಸಿ, ಆ 3 ಮಿ.ಮೀ. ಮೇಲೆ ಕೂರಿಸಿ. ವಿನೈಲ್ ಮೇಲೆ ವಿನೈಲ್ ಹಿಡಿಯುವ ಗೋಂದು ಬೇಕೆಂದದ್ದು ಇದಕ್ಕೇ.

ಹೊರಮೂಲೆಯಲ್ಲಿ ತಿರುಗಿಸಬಹುದು, ತಿರುಗಿದ ಭಾಗ ಒಂದು ಅಂಗುಲಕ್ಕಿಂತ ಕಡಿಮೆ ಇರಬಾರದು.

ಗೋಡೆಯ ನಡುವೆ ಜೋಡಣೆ ಬಂದರೆ ಎರಡು ತುಂಡನ್ನು ಚಿತ್ತಾರ ಕೂಡುವಂತೆ 2 ಅಂಗುಲ ಒಂದರ ಮೇಲೊಂದು ಇಡಿ. ಹೊಸ ಬ್ಲೇಡಿನಿಂದ ಎರಡೂ ಪದರ ಒಟ್ಟಿಗೆ ಕತ್ತರಿಸಿ. ನೇರ ಗೆರೆಗಿಂತ ಎಲೆ, ಬಳ್ಳಿಯ ಅಂಚು ಹಿಡಿದು ಕತ್ತರಿಸಿದರೆ ಜೋಡಣೆ ಕಾಣುವುದಿಲ್ಲ. ಮೇಲಿನ ಚೂರು ತೆಗೆದು, ಕೆಳಗಿನ ಚೂರನ್ನೂ ಎಳೆದು, ಎರಡು ಅಂಚನ್ನು ಕೂರಿಸಿ. 15 ನಿಮಿಷದ ಮೇಲೆ ಪುಟ್ಟ ರೋಲರ್‌ನಿಂದ ಹಗುರಾಗಿ ಒತ್ತಿ. ಜೋರಾಗಿ ಒತ್ತಿದರೆ ಗೋಂದೆಲ್ಲ ಹೊರಗೆ ಬಂದು ಅಂಚು ಬರಿದಾಗುತ್ತದೆ. ಉಬ್ಬು ಚಿತ್ತಾರಕ್ಕೆ ರೋಲರ್ ಬದಲು ಸ್ಪಂಜು ಬಳಸಿ.

## ಹಂತ 10: ಮೊದಲ ಎರಡು ದಿನ

ಬೇಗ ಒಣಗಲೆಂದು ಫ್ಯಾನ್ ಜೋರಾಗಿ ಹಾಕುವುದು, ಅಗ್ಗಿಷ್ಟಿಕೆ ಉರಿಸುವುದು ದೊಡ್ಡ ತಪ್ಪು. ಅಂಚು ಮೊದಲು ಒಣಗಿ ಕುಗ್ಗಿ ಏಳುತ್ತದೆ, ನಡುಭಾಗ ಇನ್ನೂ ಒದ್ದೆಯಾಗಿರುತ್ತದೆ. ಹಗಲಲ್ಲಿ ಒಂದು ಕಿಟಕಿ ಅರ್ಧ ತೆರೆದಿರಲಿ, ಸಂಜೆ 5ಕ್ಕೆ ಮುಚ್ಚಿ. ಮೊದಲ ದಿನ ಕಾಣುವ ಸಣ್ಣ ಗುಳ್ಳೆಗಳಲ್ಲಿ ಹೆಚ್ಚಿನವು ಒಣಗಿದಾಗ ತಾವೇ ಕೂರುತ್ತವೆ, ಕೈ ಹಾಕಬೇಡಿ. 48 ಗಂಟೆಯ ನಂತರ ಉಳಿದವನ್ನು ಮಾತ್ರ ನೋಡಿಕೊಳ್ಳಿ.

## ಏನು ಕಂಡರೆ ಏನು ಅರ್ಥ

ಹಿಂಬದಿಯಲ್ಲಿ ಪುಡಿ: ಕೆರೆಯುವ ಕೆಲಸ ಅರ್ಧಕ್ಕೆ ನಿಂತಿದೆ. ಅಷ್ಟು ಉದ್ದ ತೆಗೆದು ಹಂತ 5ರಿಂದ ಮಾಡಬೇಕು, ತೇಪೆ ಹಾಕಿದರೆ ಪಕ್ಕದ್ದು ಬೀಳುತ್ತದೆ.

ಹಿಂಬದಿ ಒಣ, ನುಣುಪು, ಗೋಂದಿನ ಗುರುತೇ ಇಲ್ಲ: ಗೋಂದು ಸಾಲಲಿಲ್ಲ, ಅಥವಾ ಹಚ್ಚಿದ್ದು ಏರಿಸುವ ಮೊದಲೇ ಒಣಗಿತು. ಅಂಚಾದರೆ ದಪ್ಪ ಸೂಜಿಯ ಸಿರಿಂಜಿನಲ್ಲಿ ಗೋಂದು ತುಂಬಿ ಹಾಯಿಸಿ, ಒತ್ತಿ, ಮೇಲೆ ಮಾಸ್ಕಿಂಗ್ ಟೇಪ್ ಹಾಕಿ ಒಂದು ರಾತ್ರಿ ಬಿಡಿ.

ಒಣಗಿದ ಮೇಲೂ ಉಳಿದ ಗುಳ್ಳೆ: ಚಿತ್ತಾರದ ಗೆರೆಯ ಮೇಲೆ ಬ್ಲೇಡಿನಿಂದ ಸಣ್ಣ ಸೀಳು ಮಾಡಿ, ಸಿರಿಂಜಿನಿಂದ ಗೋಂದು ಬಿಟ್ಟು, ಒದ್ದೆ ಸ್ಪಂಜಿನಿಂದ ಕೂರಿಸಿ.

ಬಾರ್ಡರ್ ಮೇಲೆ ಹಳದಿ ಅಥವಾ ಕಂದು ಕಲೆ: ನೀರು ಒಳಗಿನಿಂದ ಬರುತ್ತಿದೆ. ಮಳೆಯಲ್ಲಿ ಮೇಲೆ ಹತ್ತಿ ಹೆಂಚು ನೋಡಲು ಹೋಗಬೇಡಿ, ಮಾಡು ಜಾರುತ್ತದೆ. ಕಲೆಯ ಜಾಗ ಗುರುತಿಸಿಟ್ಟು ಬಿಸಿಲು ಬಂದಾಗ ಮಾಡಿಸಿ.

ಕಪ್ಪು ಚುಕ್ಕೆ ಹರಡುತ್ತಿದ್ದರೆ: ಹಿಂದೆ ಬೂಷ್ಟು ಬೆಳೆದಿದೆ. ಮೇಲಿನಿಂದ ಒರೆಸಿ ಪ್ರಯೋಜನವಿಲ್ಲ. ಆ ತುಂಡು ತೆಗೆದು, ಗೋಡೆ ತೊಳೆದು, ಫೆಬ್ರವರಿವರೆಗೆ ಬರಿದಾಗಿ ಬಿಡಿ.

ಜೂನ್ ಮೊದಲ ವಾರ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ ಎಲ್ಲ ಮೂಲೆ ಮತ್ತು ಜೋಡಣೆಗಳ ಮೇಲೆ ಬೆರಳಾಡಿಸಿ. ಕಾಲು ಅಂಗುಲ ಎದ್ದ ಅಂಚನ್ನು ಆಗಲೇ ಒತ್ತಿ, ಟೇಪ್ ಹಾಕಿ ಹಿಡಿದಿಡಿ; ಗೋಂದಿನ ದುರಸ್ತಿ ಗೋಡೆ ಒಣಗಿದ ಮೇಲೆ. ಬೀರು, ಕಪಾಟು ಗೋಡೆಯಿಂದ 3 ಅಂಗುಲ ದೂರವಿರಲಿ, ಹಿಂದೆ ಗಾಳಿಯಾಡದ ಕಡೆ ಬೂಷ್ಟು ಬರುವುದು ಮೊದಲು. ಹೋಂಸ್ಟೇ ನಡೆಸುವವರು ಖಾಲಿ ಕೋಣೆಗಳನ್ನು ಮಳೆಗಾಲ ಪೂರ್ತಿ ಮುಚ್ಚಿಡದೆ, ಮಳೆ ಬಿಡುವು ಕೊಟ್ಟ ದಿನ ಒಂದೆರಡು ಗಂಟೆ ಬಾಗಿಲು ಕಿಟಕಿ ತೆರೆದಿಡಿ.